ಆನೇಕಲ್‌ನಿಂದ ಬೆಂಗಳೂರಿಗೆ ಹೊರಟ ರೆಫರಲ್ ಚೀಟಿ: ಒಂದು ವ್ಯಾಖ್ಯಾನ

ಸಿಸೇರಿಯನ್ ಆದ ಮೂರನೆಯ ದಿನ ಬಾಣಂತಿಯನ್ನು ತಾಲ್ಲೂಕಿನಿಂದ ಬೆಂಗಳೂರಿಗೆ ಕಳಿಸುವಾಗ ಮನೆಯವರ ಕೈಗೆ ಒಂದು ಚೀಟಿ ಬರುತ್ತದೆ. ಅರ್ಧ ಪುಟ, ಹತ್ತು ಸಾಲು, ಅವಸರದ ಅಕ್ಷರ. ಗಂಡನೋ ತಾಯಿಯೋ ಅದನ್ನು ಮಡಚಿ ಇಟ್ಟುಕೊಂಡು ಆಂಬುಲೆನ್ಸ್ ಹತ್ತುತ್ತಾರೆ. ಓದುವ ಪುರುಸೊತ್ತಿರುವುದಿಲ್ಲ, ಓದಿದರೂ ತಲೆಬುಡ ತಿಳಿಯುವುದಿಲ್ಲ. ಆ ಹತ್ತು ಸಾಲನ್ನು ಇಲ್ಲಿ ಒಂದೊಂದಾಗಿ ಬಿಡಿಸಿದ್ದೇನೆ. ಇದು ಯಾವ ಒಬ್ಬ ತಾಯಿಯ ಚೀಟಿಯೂ ಅಲ್ಲ. ಸಿಸೇರಿಯನ್ ಬಳಿಕ ಕರುಳು ಕೈಕೊಟ್ಟಾಗ ವೈದ್ಯರು ಬರೆಯುವಂಥ ಸಾಲುಗಳನ್ನು ಜೋಡಿಸಿ ಮಾಡಿಕೊಂಡ ಮಾದರಿ.

ಆನೇಕಲ್ ತಾಲ್ಲೂಕನ್ನೇ ಹಿಡಿದುಕೊಳ್ಳಲು ಕಾರಣವಿದೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ, ವೀರಸಂದ್ರದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ತವರು ದೂರ. ರಾಯಚೂರಿನಿಂದ, ಯಾದಗಿರಿಯಿಂದ, ಒಡಿಶಾದಿಂದ ಬಂದವರು. ಹೆರಿಗೆ ಇಲ್ಲೇ, ಬಾಣಂತನ ಚಂದಾಪುರದ್ದೋ ಹೆಬ್ಬಗೋಡಿಯದ್ದೋ ಬಾಡಿಗೆ ಕೋಣೆಯಲ್ಲಿ. ಪಕ್ಕದಲ್ಲಿ ‘ಇದು ಸರಿಯಿಲ್ಲ, ನಡಿ ಆಸ್ಪತ್ರೆಗೆ’ ಎನ್ನುವ ಹಿರಿಯ ಹೆಂಗಸು ಇರುವುದಿಲ್ಲ. ಇತ್ತ ಸಿಸೇರಿಯನ್ ಹೆಚ್ಚುತ್ತಲೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015–16ರಲ್ಲಿ ಶೇ. 23.6ರಷ್ಟಿದ್ದ ಸಿಸೇರಿಯನ್ ಹೆರಿಗೆ 2019–21ಕ್ಕೆ ಶೇ. 31.5ಕ್ಕೆ ಏರಿತು. ಕರುಳಿನ ಗಂಭೀರ ತೊಂದರೆ ಸಾವಿರಾರು ಸಿಸೇರಿಯನ್‌ಗಳಲ್ಲಿ ಎಲ್ಲೋ ಒಂದರಲ್ಲಿ ಬರುವಂಥದ್ದು, ನಿಜ. ಆದರೆ ಮೂರರಲ್ಲಿ ಒಂದು ಹೆರಿಗೆ ಕತ್ತರಿಯಿಂದಲೇ ಆಗುವ ನಾಡಿನಲ್ಲಿ ಆ ‘ಎಲ್ಲೋ ಒಂದು’ ನಮ್ಮ ಬೀದಿಯಲ್ಲೇ ಆಗಬಹುದು.

‘ಎಲ್‌ಎಸ್‌ಸಿಎಸ್, ಪಿಓಡಿ 3.’

ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದು ಮಗುವನ್ನು ತೆಗೆದ ಶಸ್ತ್ರಕ್ರಿಯೆ. ಅದಾಗಿ ಮೂರನೆಯ ದಿನ. ದಿನದ ಲೆಕ್ಕವೇ ಇಲ್ಲಿ ಮುಖ್ಯ. ಹೊಟ್ಟೆ ತೆರೆದ ಯಾವ ಶಸ್ತ್ರಕ್ರಿಯೆಯಾದರೂ ಕರುಳು ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುತ್ತದೆ. ಸಣ್ಣ ಕರುಳು ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತದೆ, ಜಠರಕ್ಕೆ ಒಂದೆರಡು ದಿನ, ದೊಡ್ಡ ಕರುಳಿಗೆ ಎರಡು ಮೂರು ದಿನ. ಹಾಗಾಗಿ ಮೂರನೆಯ ದಿನವೆಂದರೆ ಎಲ್ಲವೂ ಹದಕ್ಕೆ ಬಂದಿರಬೇಕಾದ ದಿನ. ಅನೇಕ ಕಡೆ ಬಾಣಂತಿಯನ್ನು ಮನೆಗೆ ಕಳಿಸುವುದೂ ಅದೇ ಮೂರು ನಾಲ್ಕನೆಯ ದಿನ. ಕರುಳಿನ ತೊಂದರೆ ಹೆಚ್ಚಾಗಿ ತಲೆಯೆತ್ತುವುದು ಎರಡರಿಂದ ಐದನೆಯ ದಿನದೊಳಗೆ. ಅಂದರೆ ಕಾಯಿಲೆ ಜೋರಾಗುವ ಹೊತ್ತಿಗೆ ತಾಯಿ ನರ್ಸ್‌ಗಳ ಕಣ್ಣಿಂದ ದೂರವಾಗಿರಬಹುದು.

‘ಹೊಟ್ಟೆ ಉಬ್ಬರ ಪ್ಲಸ್ ಪ್ಲಸ್. ನಿನ್ನೆಯಿಂದ ಹೆಚ್ಚುತ್ತಿದೆ.’

ಇಡೀ ಚೀಟಿಯಲ್ಲಿ ಮನೆಯವರಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಈ ಒಂದನ್ನು ಮಾತ್ರ ಯಂತ್ರವಿಲ್ಲದೆ, ಪರೀಕ್ಷೆಯಿಲ್ಲದೆ, ಬರಿಗಣ್ಣಲ್ಲಿ ಮೊದಲು ನೋಡಬಲ್ಲವರು ಮನೆಯವರೇ.

ಹೆರಿಗೆಯಾದ ಕೂಡಲೇ ಹೊಟ್ಟೆ ಇಳಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಗರ್ಭಕೋಶ ಆಗ ಹೆಚ್ಚುಕಡಿಮೆ ಹೊಕ್ಕುಳ ಮಟ್ಟದಲ್ಲಿರುತ್ತದೆ. ದಿನಕ್ಕೆ ಸುಮಾರು ಒಂದು ಬೆರಳಿನಷ್ಟು ಇಳಿಯುತ್ತ ಹತ್ತು ಹದಿನಾಲ್ಕು ದಿನಕ್ಕೆ ಸೊಂಟದ ಮೂಳೆಯ ಹಿಂದೆ ಮರೆಯಾಗುತ್ತದೆ. ಆದ್ದರಿಂದ ‘ಬಾಣಂತಿ ಹೊಟ್ಟೆ ಹಂಗೇ ಇರುತ್ತೆ ಬಿಡು’ ಎನ್ನುವುದು ಅರ್ಧ ಸತ್ಯ. ಹೊಟ್ಟೆ ಇರುತ್ತದೆ, ಆದರೆ ದಿನೇ ದಿನೇ ಇಳಿಯುತ್ತಿರಬೇಕು. ಮೊನ್ನೆಗಿಂತ ನಿನ್ನೆ ದೊಡ್ಡದು, ನಿನ್ನೆಗಿಂತ ಇವತ್ತು ದೊಡ್ಡದು ಎನ್ನುವಂತಿದ್ದರೆ, ಮುಟ್ಟಿದರೆ ಬಿಗಿಯಾಗಿ, ಬೆರಳಲ್ಲಿ ತಟ್ಟಿದರೆ ತಮಟೆಯಂತೆ ಸದ್ದು ಬಂದರೆ, ಅದಕ್ಕೆ ‘ಗ್ಯಾಸು’ ಎಂದು ಹೆಸರಿಟ್ಟು ಸುಮ್ಮನಾಗುವ ಹಾಗಿಲ್ಲ.

ವಾರ್ಡಿನಲ್ಲಿ ಒಳ್ಳೆಯ ನರ್ಸ್ ಏನು ಮಾಡುತ್ತಾಳೆ ನೋಡಿ. ಹೊಕ್ಕುಳ ಮಟ್ಟದಲ್ಲಿ ಬಲಕ್ಕೊಂದು ಎಡಕ್ಕೊಂದು ಪೆನ್ನಿನಲ್ಲಿ ಗುರುತು ಹಾಕುತ್ತಾಳೆ. ತಾಯಿಯನ್ನು ಅಂಗಾತ ಮಲಗಿಸಿ, ಆ ಗುರುತಿನ ಮೇಲೆಯೇ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತಾಳೆ. ಆರು ಗಂಟೆ ಬಿಟ್ಟು ಅದೇ ಗುರುತಿನ ಮೇಲೆ ಮತ್ತೆ ಅಳೆಯುತ್ತಾಳೆ. ಗುರುತಿಲ್ಲದೆ ಅಳೆದರೆ ಟೇಪು ಎರಡು ಬೆರಳು ಮೇಲೆ ಕೆಳಗೆ ಜರುಗಿ ಲೆಕ್ಕ ತಪ್ಪುತ್ತದೆ. ಇಷ್ಟೇ ಕೆಲಸ. ದರ್ಜಿಯ ಟೇಪು ಇದ್ದರೆ ಮನೆಯಲ್ಲೂ ಮಾಡಬಹುದು.

ಹೊಟ್ಟೆ ಕಟ್ಟುವ ರೂಢಿಯ ಬಗ್ಗೆ ಇಲ್ಲೇ ಹೇಳಬೇಕು. ಹಳೆಯ ಹತ್ತಿ ಸೀರೆಯನ್ನು ಮಡಚಿ ಬಾಣಂತಿಯ ಹೊಟ್ಟೆಗೆ ಬಿಗಿಯಾಗಿ ಸುತ್ತುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. ಈಗ ಅಂಗಡಿಯಲ್ಲಿ ಪಟ್ಟಿಯೇ ಸಿಗುತ್ತದೆ. ಎದ್ದು ಓಡಾಡುವಾಗ ಹೊಲಿಗೆಗೆ ಆಧಾರವಾಗುವಷ್ಟು ಹಿತವಾಗಿ ಕಟ್ಟಿದರೆ ತಪ್ಪೇನೂ ಇಲ್ಲ. ಆದರೆ ಬಟ್ಟೆಯ ಒಳಗೆ ಹೊಟ್ಟೆ ಊದುತ್ತಿದ್ದರೆ ಯಾರಿಗೂ ಕಾಣುವುದಿಲ್ಲ. ತಾಯಿ ‘ಬಿಗಿಯಾಗ್ತಿದೆ’ ಎಂದರೆ ‘ಕಟ್ಟಿದ್ದಕ್ಕೇ ಬಿಗಿ’ ಎನ್ನುತ್ತಾರೆ. ಮೊದಲ ವಾರ ಬೆಳಿಗ್ಗೆ ಸಂಜೆ ಆ ಬಟ್ಟೆ ಬಿಚ್ಚಿ ಹೊಟ್ಟೆಯನ್ನು ಕಣ್ಣಿಂದ ನೋಡಬೇಕು, ಕೈಯಿಂದ ಮುಟ್ಟಬೇಕು.

‘ಫ್ಲೇಟಸ್ ಪಾಸ್ಡ್. ಬಿಎಸ್ ಪ್ಲಸ್.’

ಗಾಳಿ ಹೋಗಿದೆ, ಸ್ಟೆತಸ್ಕೋಪ್ ಇಟ್ಟರೆ ಕರುಳಿನ ಸದ್ದು ಕೇಳುತ್ತಿದೆ. ‘ಗ್ಯಾಸ್ ಪಾಸ್ ಆಯ್ತಾ?’ ಎಂಬುದು ಹೆರಿಗೆ ವಾರ್ಡಿನ ನಿತ್ಯದ ಪ್ರಶ್ನೆ. ಆಯ್ತು ಎಂದರೆ ಗಂಜಿ ಕೊಡುತ್ತಾರೆ, ಎಲ್ಲರಿಗೂ ಸಮಾಧಾನ. ನೂರಕ್ಕೆ ತೊಂಬತ್ತೊಂಬತ್ತು ಸಲಕ್ಕೂ ಹೆಚ್ಚು ಆ ಸಮಾಧಾನ ಸರಿಯೇ. ಉಳಿದ ಅಪರೂಪದ ಸಂದರ್ಭದಲ್ಲಿ ಇದೇ ಸಾಲು ವೈದ್ಯರನ್ನೂ ದಾರಿ ತಪ್ಪಿಸಿದೆ. ದೊಡ್ಡ ಕರುಳು ಅಪಾಯದ ಮಟ್ಟಕ್ಕೆ ಊದಿದ್ದಾಗಲೂ ಕೆಲವರಿಗೆ ಸ್ವಲ್ಪ ಗಾಳಿ ಹೋಗುತ್ತದೆ. ಇನ್ನು ಕೆಲವರಿಗೆ ನೀರಾಗಿ ಭೇದಿಯೂ ಆಗುತ್ತದೆ. ಸದ್ದು ಇದೆ ಎಂದ ಮಾತ್ರಕ್ಕೆ ಕರುಳು ಸರಿಯಾಗಿ ಸಾಗಿಸುತ್ತಿದೆ ಎಂದಲ್ಲ. ಗಾಳಿ ಹೋಗಿಯೂ ಹೊಟ್ಟೆ ಊದುತ್ತಿದ್ದರೆ ನಂಬಬೇಕಾದದ್ದು ಹೊಟ್ಟೆಯನ್ನೇ.

‘ಪಿಆರ್ 124, ಬಿಪಿ 110/70, ಟೆಂಪರೇಚರ್ 99.6.’

ಬಿಪಿ ಸರಿಯಿದೆ, ಜ್ವರ ಹೇಳಿಕೊಳ್ಳುವಷ್ಟಿಲ್ಲ. ಓದಿದವರಿಗೆ ಧೈರ್ಯ ಬರುತ್ತದೆ. ಆದರೆ ನಾಡಿ ನೋಡಿ. ಮೂರನೆಯ ದಿನ ವಿಶ್ರಾಂತಿಯಲ್ಲಿ ಮಲಗಿದ ತಾಯಿಯ ನಾಡಿ ನಿಮಿಷಕ್ಕೆ ನೂರರ ಒಳಗಿರಬೇಕು. ಎಳೆಯ ವಯಸ್ಸಿನ, ಗಟ್ಟಿಮುಟ್ಟಾದ ಹೆಂಗಸಿನ ದೇಹ ರಕ್ತದೊತ್ತಡವನ್ನು ಬೀಳದಂತೆ ಬಹಳ ಹೊತ್ತು ಹಿಡಿದಿಡುತ್ತದೆ; ಆ ಹೋರಾಟ ಮೊದಲು ಕಾಣಿಸುವುದು ನಾಡಿಯಲ್ಲಿ. ಬಿಪಿ ಕುಸಿಯುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ರಕ್ತಹೀನತೆಯಿಂದಲೂ, ನೋವಿನಿಂದಲೂ ನಾಡಿ ಏರಬಹುದು. ಅದಕ್ಕೇ ಒಂದೇ ಸಲದ ಅಂಕಿಗಿಂತ ಹಿಂದಿನ ಅಂಕಿಗಳ ಜೊತೆ ಇಟ್ಟು ನೋಡಬೇಕು. 88, 104, 124 ಎಂದು ಏರುತ್ತಾ ಹೋಗಿದ್ದರೆ ಅದು ಎಚ್ಚರಿಕೆಯ ಗಂಟೆ.

‘ಆರ್‌ಐಎಫ್ ಟೆಂಡರ್‌ನೆಸ್ ಪ್ಲಸ್. ಗಾಯ ಹೆಲ್ದಿ.’

ಹೊಟ್ಟೆಯ ಬಲ ಕೆಳಭಾಗ ಮುಟ್ಟಿದರೆ ನೋವು. ಹೊಲಿಗೆಯ ಗಾಯ ಚೆನ್ನಾಗಿದೆ, ಅಂದರೆ ನೋವು ಹೊಲಿಗೆಯದ್ದಲ್ಲ. ಬಲ ಕೆಳಭಾಗದಲ್ಲೇ ಏಕೆ ಎಂಬುದು ಎಕ್ಸ್‌ರೇ ಸಾಲಿಗೆ ಬಂದಾಗ ತಿಳಿಯುತ್ತದೆ.

‘ಟಿಸಿ 17,800. ಪೊಟ್ಯಾಶಿಯಂ 2.9.’

ಮೊದಲ ಅಂಕಿ ಬಿಳಿ ರಕ್ತಕಣಗಳದ್ದು. ಹೆರಿಗೆಯ ನಂತರ ಇದು ಸಹಜವಾಗಿಯೇ ಏರಿರುತ್ತದೆ, ಹಾಗಾಗಿ ಇದೊಂದರಿಂದಲೇ ಏನೂ ತೀರ್ಮಾನವಾಗದು. ಎರಡನೆಯದನ್ನು ಹಗುರವಾಗಿ ಬಿಡುವಂತಿಲ್ಲ. ಪೊಟ್ಯಾಶಿಯಂ 3.5ರಿಂದ 5ರೊಳಗೆ ಇರಬೇಕು. ಅದು ಇಳಿದರೆ ಕರುಳಿನ ಸ್ನಾಯು ಸೊರಗುತ್ತದೆ. ಉಪವಾಸ, ವಾಂತಿ, ಪೊಟ್ಯಾಶಿಯಂ ಸಾಲದ ಡ್ರಿಪ್, ಇವೆಲ್ಲ ಸೇರಿ ಅದನ್ನು ಇಳಿಸುತ್ತವೆ. ಮೆಗ್ನೀಸಿಯಂದು ಇನ್ನೊಂದು ಬಗೆ: ತೀರಾ ಕಡಿಮೆಯಾದರೂ ಕರುಳು ಮಂದ, ತೀರಾ ಹೆಚ್ಚಾದರೂ ಮಂದ. ಬಿಪಿ ಏರಿ ಫಿಟ್ಸ್ ಬಾರದಿರಲೆಂದು ಮೆಗ್ನೀಸಿಯಂ ಸಲ್ಫೇಟ್ ಪಡೆದ ತಾಯಂದಿರ ಹೊಟ್ಟೆಯ ಮೇಲೆ ಆದ್ದರಿಂದಲೇ ಹೆಚ್ಚು ನಿಗಾ ಬೇಕು. ಆ ಚುಚ್ಚುಮದ್ದು ಪ್ರಾಣ ಉಳಿಸುವಂಥದ್ದು, ಅದನ್ನು ಬೇಡ ಎನ್ನುವ ಪ್ರಶ್ನೆಯೇ ಇಲ್ಲ.

‘ಎರೆಕ್ಟ್ ಎಕ್ಸ್‌ರೇ: ಸೀಕಮ್ 11 ಸೆಂ.ಮೀ. ಡಯಾಫ್ರಂ ಕೆಳಗೆ ಗಾಳಿ ಇಲ್ಲ.’

ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಬಲ ಮಗ್ಗುಲಲ್ಲಿ ಒಂದು ದೊಡ್ಡ ಕಪ್ಪು ಚೀಲ ಕಾಣುತ್ತದೆ; ಕಪ್ಪೆಲ್ಲ ಗಾಳಿ. ಅಂಚಿನಲ್ಲಿ ದೊಡ್ಡ ಕರುಳಿನ ಮಡಿಕೆಗಳ ಅರ್ಧಗೆರೆಗಳು. ಕಪ್ಪು ಪಟ್ಟೆ ಮೇಲೇರಿ, ಅಡ್ಡ ಹಾದು, ಎಡ ಪಕ್ಕೆಯ ಹತ್ತಿರ ಥಟ್ಟನೆ ಕಡಿದುಹೋದಂತೆ ನಿಲ್ಲುತ್ತದೆ. ಆ ಚೀಲವೇ ಸೀಕಮ್. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ, ಅಪೆಂಡಿಕ್ಸ್ ತೂಗುವ ಜಾಗ, ಹೊಟ್ಟೆಯ ಬಲ ಕೆಳಮೂಲೆ.

ಸೀಕಮ್ 9 ಸೆಂಟಿಮೀಟರ್ ದಾಟಿದರೆ ಅಸಹಜ. 12 ದಾಟಿದರೆ ತೂತು ಬೀಳುವ ಭಯ ಬಹಳ ಹೆಚ್ಚು. ಉಬ್ಬಿದ ಸ್ಥಿತಿ ದಿನಗಟ್ಟಲೆ ಮುಂದುವರಿದರೆ ಅದಕ್ಕಿಂತ ಕಡಿಮೆಯಲ್ಲೂ ಒಡೆಯಬಹುದು. ಇಡೀ ದೊಡ್ಡ ಕರುಳು ಉಬ್ಬಿದ್ದರೂ ಒಡೆಯುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಅಗಲ ಹೆಚ್ಚಿದ್ದ ಕಡೆ ಗೋಡೆಯ ಮೇಲಿನ ಎಳೆತವೂ ಹೆಚ್ಚು. ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವಾಗ ಎಲ್ಲಿ ಬುಗ್ಗೆ ಎದ್ದಿದೆಯೋ ಅಲ್ಲೇ ಸಿಡಿಯುವುದನ್ನು ನೋಡಿಲ್ಲವೇ, ಹಾಗೆ. ಎಳೆತದಿಂದ ಗೋಡೆಗೆ ರಕ್ತ ಹರಿಯುವುದು ನಿಲ್ಲುತ್ತದೆ, ಗೋಡೆ ಕೊಳೆಯುತ್ತದೆ, ಆಮೇಲೆ ತೂತು.

‘ಡಯಾಫ್ರಂ ಕೆಳಗೆ ಗಾಳಿ ಇಲ್ಲ’ ಎಂದರೆ ಕರುಳು ಇನ್ನೂ ಒಡೆದಂತೆ ಕಾಣುವುದಿಲ್ಲ ಎಂದು. ಬಾಣಂತಿಯ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಸಿಸೇರಿಯನ್‌ನಲ್ಲಿ ಹೊಟ್ಟೆ ತೆರೆದಾಗ ಹೊರಗಿನ ಗಾಳಿ ಒಳಗೆ ಸೇರಿರುತ್ತದೆ. ಅದು ಕರಗಲು ಹಲವು ದಿನ ಬೇಕು. ಹಾಗಾಗಿ ಗಾಳಿ ಕಂಡರೆ ಅದು ಶಸ್ತ್ರಕ್ರಿಯೆಯದ್ದೋ ಒಡೆದ ಕರುಳಿನದ್ದೋ ಎಂದು ಬರೀ ಎಕ್ಸ್‌ರೇಯಿಂದ ಹೇಳಲಾಗದು. ಸಿಟಿ ಸ್ಕ್ಯಾನ್ ಬೇಕಾಗುವುದು ಅದಕ್ಕೇ. ಸ್ಕ್ಯಾನಿಗೆ ಬಳಸುವ ಔಷಧಿಯಿಂದ ಹಾಲು ಕೆಡುತ್ತದೆಂಬ ಭಯ ಬೇಡ, ಎದೆಹಾಲು ನಿಲ್ಲಿಸಬೇಕಾಗಿಲ್ಲ.

‘ಕ್ವೆರಿ ಒಗಿಲ್ವಿ. ಕ್ವೆರಿ ಬವೆಲ್ ಇಂಜುರಿ.’

ಎರಡು ಅನುಮಾನ. ಎರಡನ್ನೂ ಬರೆದ ವೈದ್ಯರಿಗೆ ನಾನು ಕೈಮುಗಿಯುತ್ತೇನೆ. ‘ಪೋಸ್ಟ್ ಆಪ್ ಗ್ಯಾಸ್’ ಎಂದು ಬರೆದು ಮುಗಿಸುವುದು ಸುಲಭವಿತ್ತು.

ವಿಲಿಯಂ ಹೆನೇಜ್ ಒಗಿಲ್ವಿ ಬ್ರಿಟನ್ನಿನ ಸರ್ಜನ್. 1948ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ರೋಗಿಗಳ ಬಗ್ಗೆ ಬರೆದರು. ದೊಡ್ಡ ಕರುಳು ಕಟ್ಟಿಕೊಂಡ ಎಲ್ಲ ಲಕ್ಷಣವೂ ಇತ್ತು, ತೆರೆದು ನೋಡಿದರೆ ಕರುಳಿನಲ್ಲಿ ತಡೆಯೇ ಇರಲಿಲ್ಲ. ಕರುಳಿಗೆ ಹೋಗುವ ನರಗಳ ಸುತ್ತ ಕ್ಯಾನ್ಸರ್ ಹಬ್ಬಿತ್ತು. ತಡೆಯಿಲ್ಲದೆಯೂ ಕರುಳು ಕಟ್ಟಬಹುದು, ನರಗಳ ಹತೋಟಿ ತಪ್ಪಿದರೆ ಸಾಕು ಎಂದು ಅಂದಿನಿಂದ ತಿಳಿದುಬಂತು. ಕ್ಯಾನ್ಸರ್ ಇಲ್ಲದವರಲ್ಲೂ, ದೊಡ್ಡ ಶಸ್ತ್ರಕ್ರಿಯೆಗಳ ನಂತರವೂ ಇದು ಆಗುತ್ತದೆ. ಅಂಥ ಶಸ್ತ್ರಕ್ರಿಯೆಗಳ ಪಟ್ಟಿಯಲ್ಲಿ ಸಿಸೇರಿಯನ್ ಹೆಸರು ಮತ್ತೆ ಮತ್ತೆ ಬರುತ್ತದೆ. ದೊಡ್ಡ ಕರುಳಿನ ಎಡಭಾಗವನ್ನು ನಡೆಸುವ ನರಗಳು ಸೊಂಟದ ಹಿಂಭಾಗದಿಂದ ಹೊರಟು ಗರ್ಭಕೋಶದ ಕೊರಳಿನ ಪಕ್ಕದಲ್ಲೇ ಹಾದುಹೋಗುತ್ತವೆ. ಅಲ್ಲಿ ಕೊಯ್ದು ಹೊಲಿದಾಗ ಅವು ಮಂಕಾಗಿ, ಎಡಭಾಗ ಸುಮ್ಮನಾಗಿ, ಗಾಳಿ ಬಲಕ್ಕೆ ತುಂಬುತ್ತಿರಬಹುದು ಎನ್ನುವುದು ಒಂದು ವಿವರಣೆ. ಇದರಲ್ಲಿ ಸಿಸೇರಿಯನ್ ಮಾಡಿದವರ ತಪ್ಪು ಇರಬೇಕೆಂದೇನಿಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಸ್ಪತ್ರೆಯ ಬಾಗಿಲಲ್ಲಿ ಜಗಳ ಶುರುವಾದರೆ ಚಿಕಿತ್ಸೆಯ ಹೊತ್ತು ಕಳೆದುಹೋಗುತ್ತದೆ.

ಎರಡನೆಯ ಅನುಮಾನ ಬೇರೆ ಜಾತಿಯದು. ಹಿಂದೆ ಸಿಸೇರಿಯನ್ನೋ ಬೇರೆ ಶಸ್ತ್ರಕ್ರಿಯೆಯೋ ಆಗಿದ್ದರೆ ಕರುಳು ಗರ್ಭಕೋಶಕ್ಕೆ, ಹೊಟ್ಟೆಯ ಗೋಡೆಗೆ ಅಂಟಿಕೊಂಡಿರಬಹುದು. ಬಿಡಿಸುವಾಗ ಪೆಟ್ಟಾಗುವುದು ಅಪರೂಪ. ಕಂಡರೆ ಅಲ್ಲೇ ಹೊಲಿಯುತ್ತಾರೆ, ಗುಣವಾಗುತ್ತದೆ. ಕಾಣದೆ ಉಳಿದದ್ದು ಎರಡು ಮೂರು ದಿನ ಬಿಟ್ಟು ನೋವು, ಏರುವ ನಾಡಿ, ಜ್ವರ, ಹಲಗೆಯಂತಾದ ಹೊಟ್ಟೆಯಾಗಿ ಹೊರಬರುತ್ತದೆ. ಅಂಟು ಹಾಗೇ ಉಳಿದು ತಿಂಗಳು, ವರ್ಷಗಳ ಮೇಲೆ ಸಣ್ಣ ಕರುಳನ್ನು ಹಿಂಡಿ ಕಟ್ಟಿಸುವುದೂ ಉಂಟು; ಆಗ ಹಸಿರು ವಾಂತಿ, ಬಿಟ್ಟುಬಿಟ್ಟು ನುಲಿಯುವ ನೋವು.

‘ಎನ್‌ಬಿಎಂ, ಆರ್‌ಟಿ, ಐವಿಎಫ್. ಟ್ರಮಡಾಲ್ ಸ್ಟಾಪ್ಡ್.’

ಬಾಯಿಗೆ ಏನೂ ಕೊಡಬೇಡಿ, ಮೂಗಿನಿಂದ ಜಠರಕ್ಕೆ ಟ್ಯೂಬು, ರಕ್ತನಾಳಕ್ಕೆ ಡ್ರಿಪ್. ಟ್ರಮಡಾಲ್ ಜಾತಿಯ ನೋವಿನ ಔಷಧಿ ಕರುಳನ್ನು ಮಂದ ಮಾಡುತ್ತದೆ, ಆದ್ದರಿಂದ ಅದನ್ನು ನಿಲ್ಲಿಸಿ ಪ್ಯಾರಾಸಿಟಮಾಲ್‌ನಂಥದ್ದನ್ನು ಕೊಡುತ್ತಾರೆ. ‘ಬಾಯಿಗೆ ಏನೂ ಬೇಡ’ ಎಂದರೆ ಎಳನೀರೂ ಬೇಡ, ಓಮದ ಕಷಾಯವೂ ಬೇಡ. ಮಲಬದ್ಧತೆ ಎಂದುಕೊಂಡು ಸಿಹಿ ಜಾತಿಯ ಭೇದಿ ಸಿರಪ್ ಕುಡಿಸುವುದಂತೂ ಕೇಡು. ಅಂಥ ಸಿರಪ್‌ನಲ್ಲಿರುವ ಲ್ಯಾಕ್ಟುಲೋಸ್ ಕರುಳಿನಲ್ಲಿ ಹುಳಿತು ಇನ್ನಷ್ಟು ಗಾಳಿ ಮಾಡುತ್ತದೆ.

ಒಗಿಲ್ವಿಯ ಕಾಯಿಲೆಯಾಗಿದ್ದರೆ, ಮಗ್ಗುಲು ಬದಲಿಸುವುದು, ಆಗುವುದಾದರೆ ಹಿಡಿದು ನಡೆಸುವುದು, ಪೊಟ್ಯಾಶಿಯಂ ತುಂಬುವುದು, ಗುದದ್ವಾರದಿಂದ ಟ್ಯೂಬು ಹಾಕುವುದು, ಇಷ್ಟರಲ್ಲೇ ಬಹಳಷ್ಟು ಜನರಿಗೆ ಇಳಿಯುತ್ತದೆ. ಇಳಿಯದಿದ್ದರೆ ನಿಯೋಸ್ಟಿಗ್ಮಿನ್ ಎಂಬ ಚುಚ್ಚುಮದ್ದು. 1999ರಲ್ಲಿ ಅಮೆರಿಕದ ಪೊನೆಕ್ ಮತ್ತು ಸಂಗಡಿಗರು ಈ ಕಾಯಿಲೆಯ 21 ರೋಗಿಗಳ ಮೇಲೆ ಪರೀಕ್ಷೆ ನಡೆಸಿದರು. ಔಷಧಿ ಪಡೆದ 11 ಮಂದಿಯಲ್ಲಿ 10 ಜನರ ಹೊಟ್ಟೆ ಕೂಡಲೇ ಇಳಿಯಿತು, ಹೆಚ್ಚಿನವರಿಗೆ ಕೆಲವೇ ನಿಮಿಷಗಳಲ್ಲಿ. ಬರೀ ಉಪ್ಪುನೀರು ಪಡೆದ 10 ಮಂದಿಯಲ್ಲಿ ಒಬ್ಬರದ್ದೂ ಇಳಿಯಲಿಲ್ಲ. ಅರಿವಳಿಕೆ ತಜ್ಞರು ನಿತ್ಯ ಬಳಸುವ ಔಷಧಿಯಿದು, ದುಬಾರಿಯೂ ಅಲ್ಲ. ಹಾಗೆಂದು ವಾರ್ಡಿನಲ್ಲಿ ಸುಮ್ಮನೆ ಚುಚ್ಚುವಂತಿಲ್ಲ: ಹೃದಯದ ಬಡಿತ ಥಟ್ಟನೆ ಇಳಿಯಬಹುದು, ಮಾನಿಟರ್ ಇರಬೇಕು, ಅಟ್ರೋಪಿನ್ ಕೈಗೆಟುಕುವಂತಿರಬೇಕು, ಕರುಳು ಒಡೆದಿಲ್ಲ, ನಿಜವಾದ ತಡೆಯಿಲ್ಲ ಎಂದು ಖಾತ್ರಿಯಾಗಿರಬೇಕು. ಇದಕ್ಕೂ ಬಗ್ಗದಿದ್ದರೆ ಕೊಲೊನೋಸ್ಕೋಪ್‌ನಿಂದ ಗಾಳಿ ಎಳೆಯುತ್ತಾರೆ. ಕರುಳು ಕೊಳೆತಿದ್ದರೆ, ಒಡೆದಿದ್ದರೆ ಶಸ್ತ್ರಕ್ರಿಯೆಯೊಂದೇ ದಾರಿ. ಒಡೆದ ಮೇಲೆ ಸಾವಿನ ಪ್ರಮಾಣ, ಎಲ್ಲ ವಯಸ್ಸಿನ ರೋಗಿಗಳನ್ನೂ ಸೇರಿಸಿದ ವರದಿಗಳಲ್ಲಿ, ಶೇ. 40ರ ಆಸುಪಾಸು. ಒಡೆಯುವ ಮೊದಲಿನ ಒಂದೆರಡು ದಿನ ಅಷ್ಟು ಬೆಲೆಬಾಳುತ್ತದೆ.

‘ರೆಫರ್ಡ್ ಟು ಹೈಯರ್ ಸೆಂಟರ್ ಫಾರ್ ಸರ್ಜಿಕಲ್ ಒಪಿನಿಯನ್.’

ಆನೇಕಲ್‌ನಿಂದ ಬೆಂಗಳೂರು ಸುಮಾರು 36 ಕಿಲೋಮೀಟರ್. ಚಂದಾಪುರಕ್ಕೆ ಬಂದು ಹೊಸೂರು ರಸ್ತೆ ಹಿಡಿದು, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ, ಸಿಲ್ಕ್ ಬೋರ್ಡ್ ದಾಟಿ ಕೆ.ಆರ್. ಮಾರುಕಟ್ಟೆಯ ಬಳಿಯ ವಾಣಿ ವಿಲಾಸ ಆಸ್ಪತ್ರೆ. ಸಂಜೆ ಶಿಫ್ಟ್ ಬಿಡುವ ಹೊತ್ತಿನಲ್ಲಿ ಆ ದಾರಿ ಎಷ್ಟು ಹೊತ್ತು ಹಿಡಿಯುತ್ತದೆಂದು ಅಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ವಾಣಿ ವಿಲಾಸ ಹೆರಿಗೆ ಆಸ್ಪತ್ರೆ. ಪಕ್ಕದಲ್ಲೇ ವಿಕ್ಟೋರಿಯಾ ಇರುವುದರಿಂದ ಸರ್ಜನ್‌ಗಳೂ ಹತ್ತಿರ. ಈ ಕಾಯಿಲೆಗೆ ಬೇಕಾದದ್ದು ಅಂಥ ಜೋಡಿಯೇ: ಹೆರಿಗೆ ತಜ್ಞರು, ಹೊಟ್ಟೆಯ ಸರ್ಜನ್, ಸಿಟಿ ಸ್ಕ್ಯಾನ್, ಐಸಿಯು, ನಾಲ್ಕೂ ಒಂದೇ ಆವರಣದಲ್ಲಿ. ದಾರಿಯಲ್ಲಿ ಖಾಸಗಿ ಆಸ್ಪತ್ರೆ ಆರಿಸಿಕೊಳ್ಳುವವರೂ ಆ ನಾಲ್ಕು ಇವೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಬೇಕು. ಒಂದು ಕಡೆ ಹೋಗಿ ‘ಸರ್ಜನ್ ಇಲ್ಲ’ ಎನಿಸಿಕೊಂಡು ಇನ್ನೊಂದು ಕಡೆಗೆ ತಿರುಗುವುದರಲ್ಲೇ ರಾತ್ರಿ ಕಳೆಯುತ್ತದೆ.

ಚೀಟಿಯ ಜೊತೆ ಎಕ್ಸ್‌ರೇ ಫಿಲ್ಮ್, ನಾಡಿಯ ಚಾರ್ಟು, ತಾಯಿ ಕಾರ್ಡು ಹೋಗಲೇಬೇಕು. ಸರ್ಕಾರಿ ಆಸ್ಪತ್ರೆಯ ಹೆರಿಗೆಯಾಗಿದ್ದರೆ, 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದು ಉಚಿತ. ಸಿಸೇರಿಯನ್ ಆದ ತಾಯಿಗೆ 7 ದಿನದವರೆಗೆ ಆಸ್ಪತ್ರೆಯಲ್ಲಿ ಉಚಿತ ಊಟವೂ ಅದೇ ಯೋಜನೆಯಲ್ಲಿದೆ. ಹೊಟ್ಟೆ ಬಿಗಿಯಾಗಿರುವಾಗ ಮೂರನೆಯ ದಿನವೇ ಮನೆಗೆ ಹೊರಡುವ ಅವಸರ ಮಾಡಬೇಡಿ.

ಚೀಟಿ ಇಲ್ಲಿಗೆ ಮುಗಿಯಿತು. ಬೆಂಗಳೂರಿನ ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಡಿಸ್ಚಾರ್ಜ್ ಹಾಳೆಯಿಂದ ಇನ್ನೆರಡು ಸಾಲು.

‘ರೈಟ್ ಹೆಮಿಕೊಲೆಕ್ಟಮಿ ವಿತ್ ಐಲಿಯಾಸ್ಟಮಿ.’

ಎಲ್ಲರೂ ಈ ಹಂತಕ್ಕೆ ಹೋಗುವುದಿಲ್ಲ. ಹೋದವರಿಗೆ ದೊಡ್ಡ ಕರುಳಿನ ಬಲಭಾಗ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸಿರುತ್ತಾರೆ. ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಮತ್ತೆ ಜೋಡಿಸುತ್ತಾರೆ. ಚೀಲವಿದ್ದರೂ ಹಾಲುಣಿಸಬಹುದು, ಮಗುವನ್ನು ಎತ್ತಿಕೊಳ್ಳಬಹುದು. ಚೀಲಕ್ಕೆ ಬರುವುದು ನೀರಾದ ಮಲ. ನೀರು, ಉಪ್ಪು ಬೇಗ ಬೇಗ ಹೋಗಿಬಿಡುತ್ತದೆ. ‘ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತೆ’ ಎಂದು ನೀರನ್ನು ಅಳೆದು ಕೊಡುವ ರೂಢಿ ಇಲ್ಲಿ ಪ್ರಾಣಕ್ಕೇ ಮುಳುವಾಗಬಲ್ಲದು. ಮೂತ್ರ ಕಡಿಮೆಯಾದರೆ, ತಲೆ ಸುತ್ತಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮುಂದಿನ ಬಸಿರಿನಲ್ಲಿ ಈ ಹಾಳೆಯನ್ನು ಮೊದಲ ತಪಾಸಣೆಯ ದಿನವೇ ತೋರಿಸಬೇಕು.

‘ಅಡ್ವೈಸ್: ರೆಸ್ಟ್, ರಿವ್ಯೂ.’

ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ಈ ಸಾಲು ಸಾಲದು. ಕಾನೂನಿನ ಪ್ರಕಾರ ಮೊದಲ ಎರಡು ಹೆರಿಗೆಗಳಿಗೆ 26 ವಾರ ವೇತನಸಹಿತ ರಜೆ ಇದೆ. ಹೆರಿಗೆಯಿಂದಲೇ ಬಂದ ಕಾಯಿಲೆಯೆಂದು ವೈದ್ಯರು ಬರೆದುಕೊಟ್ಟರೆ ಅದರ ಮೇಲೆ ಇನ್ನೂ ಒಂದು ತಿಂಗಳವರೆಗೆ ರಜೆ ಸಿಗುತ್ತದೆ. ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೂ ಈ ಒಂದು ತಿಂಗಳ ವಿಸ್ತರಣೆ ಉಂಟು. ಬರೀ ‘ರೆಸ್ಟ್’ ಎಂಬ ಮಾತಿಗೆ ಕಂಪನಿಯಲ್ಲಿ ಬೆಲೆಯಿಲ್ಲ. ಆದ್ದರಿಂದ ಡಿಸ್ಚಾರ್ಜ್ ದಿನ, ಬಿಲ್ ಕೌಂಟರಿಗೆ ಹೋಗುವ ಮೊದಲೇ, ಕಾಯಿಲೆಯ ಹೆಸರು, ಅದು ಹೆರಿಗೆಯಿಂದ ಉಂಟಾದದ್ದು ಎಂಬ ಮಾತು, ಬೇಕಾದ ವಿಶ್ರಾಂತಿಯ ದಿನಗಳು, ಈ ಮೂರೂ ಇರುವ ಪ್ರಮಾಣಪತ್ರವನ್ನು ಕೇಳಿ ಪಡೆದುಕೊಳ್ಳಿ.